ಮಾಖ್ನೊ ಚಳವಳಿಯ ಕಾಲಪಟ್ಟಿ: ನಾನು ಮಾಡಿಕೊಂಡ ಕ್ರಮ

ಸರ್ಕಾರವೇ ಬೇಡವೆಂದ, ನೆಸ್ತೋರ್ ಮಾಖ್ನೊ ಮುನ್ನಡೆಸಿದ ಉಕ್ರೇನಿನ ಅರಾಜಕತಾವಾದಿ ಚಳವಳಿಯ ಬಗ್ಗೆ ಬರೆಯಲು ಕೂತವರಿಗೆ ಮೊದಲು ಕೈಕೊಡುವುದು ಕ್ಯಾಲೆಂಡರು. ಅದಕ್ಕೇ ನಾನು ಬರವಣಿಗೆಗೆ ಮುಂಚೆ ಐದು ಅಂಕಣದ ಪಟ್ಟಿ ಹಾಕಿಕೊಳ್ಳುತ್ತೇನೆ: ಹಳೇ ತಾರೀಖು, ಹೊಸ ತಾರೀಖು, ಊರಿನ ಅಂದಿನ ಹೆಸರು, ಇಂದಿನ ಹೆಸರು, ಹೇಳಿದವರು ಯಾರ ಕಡೆಯವರು.

ರಷ್ಯನ್ ಸಾಮ್ರಾಜ್ಯದಲ್ಲಿ ನಡೆಯುತ್ತಿದ್ದದ್ದು ಜೂಲಿಯನ್ ಲೆಕ್ಕ. ಹೊಸ (ಇಂದಿನ ಗ್ರೆಗೋರಿಯನ್) ತಾರೀಖು ಬೇಕಾದರೆ 20ನೇ ಶತಮಾನದ್ದಕ್ಕೆ 13 ದಿನ ಕೂಡಿಸಬೇಕು, 19ನೆಯದಕ್ಕೆ 12. ನೆಸ್ತೋರ್ ಮಾಖ್ನೊ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1888ರ ಅಕ್ಟೋಬರ್ 26, ಅಂದರೆ ನವೆಂಬರ್ 7. ರೂಢಿಬಲದಿಂದ 13 ಕೂಡಿಸಿದವರಿಗೆ 8 ಬರುತ್ತದೆ. (ವರ್ಷವನ್ನೇ 1889 ಎನ್ನುವ ಪುಸ್ತಕಗಳೂ ಬೇಕಾದಷ್ಟಿವೆ.)

1918ರಲ್ಲಂತೂ ಗೋಜಲು ಹೆಚ್ಚು. ಸೋವಿಯತ್ ರಷ್ಯಾದಲ್ಲಿ ಜನವರಿ 31ರ ಮರುದಿನವೇ ಫೆಬ್ರವರಿ 14. ಕೀವ್‌ನ ಕೇಂದ್ರ ರಾದಾ (ಅಂದಿನ ಉಕ್ರೇನಿನ ಶಾಸನಸಭೆ) ಫೆಬ್ರವರಿ 16ನ್ನು ಮಾರ್ಚ್ 1 ಮಾಡಿತು. ದೆನಿಕಿನ್‌ನ ಬಿಳಿ ಸೇನೆ (ಬೊಲ್ಶೆವಿಕ್ ವಿರೋಧಿಗಳದು) ಹಳೆಯದನ್ನೇ ಬಿಡಲಿಲ್ಲ. ಮಾಖ್ನೊ ಪಡೆ ದೆನಿಕಿನ್ ಸೇನೆಯನ್ನು ಮುರಿದ ಪೆರೆಹೊನಿವ್ಕಾ ಕದನ 1919ರ ಸೆಪ್ಟೆಂಬರ್ 26ರದು, ಹಳೇ ಲೆಕ್ಕದಲ್ಲಿ 13. ಐಖೆನ್‌ಫೆಲ್ಡ್ ಎಂಬ ಮೆನ್ನೊನೈಟ್ (ಒಂದು ಕ್ರೈಸ್ತ ಪಂಥ) ಹಳ್ಳಿಯಲ್ಲಿ ಮಾಖ್ನೊ ಪಡೆ ನಡೆಸಿದ ಹತ್ಯಾಕಾಂಡ ಹಳೇ ಲೆಕ್ಕದಲ್ಲಿ ಅಕ್ಟೋಬರ್ 26, ಹೊಸದರಲ್ಲಿ ನವೆಂಬರ್ 8. ಸೆಪ್ಟೆಂಬರ್ 26, ಅಕ್ಟೋಬರ್ 26 ಎಂದು ಹಾಗೇ ಜೋಡಿಸಿದರೆ ನಡುವೆ ಒಂದೇ ತಿಂಗಳು ಕಾಣುತ್ತದೆ. ನಿಜಕ್ಕೂ 43 ದಿನ. ಮಾಖ್ನೊ ಮೇಲಿನ ಅಭಿಮಾನಕ್ಕೆ ಈ ಸಾಲನ್ನೇ ಕೈಬಿಡುವವರಿದ್ದಾರೆ. ಬಿಡಬಾರದು.

ಊರಿನ ಹೆಸರು ಇನ್ನೊಂದು ತಲೆನೋವು. ಅಂದಿನ ಅಲೆಕ್ಸಾಂಡ್ರೋವ್ಸ್ಕ್ 1921ರಿಂದ ಝಪೊರಿಝ್ಯಾ. ಯೆಕಟೆರಿನೊಸ್ಲಾವ್ 1926ರಲ್ಲಿ ದ್ನೆಪ್ರೊಪೆತ್ರೋವ್ಸ್ಕ್, 2016ರಲ್ಲಿ ದ್ನಿಪ್ರೊ ಆಯಿತು. ಘಟನೆ ನಡೆದಾಗಿನ ಹೆಸರನ್ನು ವಾಕ್ಯದಲ್ಲಿ ಇಡುತ್ತೇನೆ, ಈಗಿನದನ್ನು ಮೊದಲ ಸಲ ಮಾತ್ರ ಪಕ್ಕದಲ್ಲಿ. ರಷ್ಯನ್ನಿನಲ್ಲಿ ‘ಗ’ ಆಗುವ ಅಕ್ಷರ ಉಕ್ರೇನಿಯನ್ನಿನಲ್ಲಿ ‘ಹ’. ಮಾಖ್ನೊನ ಊರು ಒಂದು ಪುಸ್ತಕದಲ್ಲಿ ಗುಲ್ಯಾಯ್‌ಪೋಲೆ, ಇನ್ನೊಂದರಲ್ಲಿ ಹುಲ್ಯಾಯ್‌ಪೋಲೆ. ಗ್ರಿಗೋರ್ಯೆವ್, ಹ್ರಿಹೋರ್ಯೆವ್ ಕೂಡ ಒಬ್ಬನೇ. 1919ರ ಮೇ ತಿಂಗಳಲ್ಲಿ ಯೆಹೂದ್ಯರ ಮೇಲೆ ದಾಳಿ ಮಾಡಿಸಿದ ಸರದಾರ ಆತ. ಜುಲೈ 27ರಂದು ಮಾಖ್ನೊನ ಜನ ಅವನನ್ನು ಕೊಂದರು. ಪದಸೂಚಿಯಲ್ಲಿ ಇಬ್ಬರಾಗಿ ಕೂತರೆ ಕೊಂದದ್ದು ಯಾರನ್ನು ಎಂದೇ ಓದುಗರಿಗೆ ತಿಳಿಯುವುದಿಲ್ಲ.

ಪದಗಳಿಗೆ ಬಂದರೆ, ಅತಿ ದುಬಾರಿ ತಪ್ಪು ‘ವೋಲೊಸ್ತ್’. 1919ರ ಏಪ್ರಿಲ್ 10ರಂದು ಹುಲ್ಯಾಯ್‌ಪೋಲೆಯಲ್ಲಿ ಸೇರಿದ ಮೂರನೇ ಪ್ರಾದೇಶಿಕ ಸಮಾವೇಶಕ್ಕೆ 72 ವೋಲೊಸ್ತ್‌ಗಳ ಪ್ರತಿನಿಧಿಗಳು ಬಂದಿದ್ದರು. ಇಂಗ್ಲಿಷ್ ಅನುವಾದ ನೋಡಿ ‘72 ಜಿಲ್ಲೆ’ ಎಂದು ಬರೆದರೆ ಅರ್ಧ ಸಾಮ್ರಾಜ್ಯವೇ ಬಂದು ಕೂತಂತಾಗುತ್ತದೆ. ಉಯೆಝ್ದ್ ಅಂದರೆ ಹೆಚ್ಚುಕಡಿಮೆ ತಾಲ್ಲೂಕು, ಅದರೊಳಗಿನ ವೋಲೊಸ್ತ್ ನಮ್ಮ ಹೋಬಳಿ. 72 ಹೋಬಳಿ ಅಂದ ಕೂಡಲೇ ಅಳತೆ ಕಣ್ಣಿಗೆ ಬೀಳುತ್ತದೆ: ಅಲೆಕ್ಸಾಂಡ್ರೋವ್ಸ್ಕ್, ಮಾರಿಯುಪೋಲ್, ಬೆರ್ದ್ಯಾನ್ಸ್ಕ್, ಬಖ್ಮುತ್, ಪಾವ್ಲೋಗ್ರಾದ್ ತಾಲ್ಲೂಕುಗಳ ರೈತರು. ಸಿದ್ಧಾಂತಕ್ಕೆ ಎಲ್ಲ ಕಡೆ ‘ಅರಾಜಕತಾವಾದ’ ಎಂದೇ ಬರೆಯಬೇಕು. ‘ಅರಾಜಕತೆ’ ಎಂದರೆ ಕನ್ನಡ ಪತ್ರಿಕೆ ಓದುವವರಿಗೆ ದೊಂಬಿ, ಗಲಭೆ ಅಷ್ಟೆ. ‘ಬಾಟ್ಕೊ’ ಅಂದರೆ ಅಪ್ಪ, ಮಾಖ್ನೊನನ್ನು ಅವನ ಜನ ಕರೆಯುತ್ತಿದ್ದದ್ದು ಹಾಗೆ. ಆದರೆ ‘ಅಪ್ಪ ಮಾಖ್ನೊ’ ಎಂದರೆ ಕಿವಿಗೆ ವಿಚಿತ್ರ, ಮೂಲವನ್ನೇ ಇಟ್ಟು ಒಮ್ಮೆ ಅರ್ಥ ಹೇಳಿದರೆ ಸಾಕು. ಮಾಖ್ನೊ ಪಡೆಯ ಯುದ್ಧಬಂಡಿ ‘ತಚಾಂಕಾ’ವನ್ನು ಟಾಂಗಾ ಮಾಡಬೇಡಿ. ಟಾಂಗಾಕ್ಕೆ ಎರಡೇ ಚಕ್ರ. ತಚಾಂಕಾ ನಾಲ್ಕು ಚಕ್ರದ, ಸ್ಪ್ರಿಂಗ್ ಇರುವ ಬಂಡಿ. ಮೂರೋ ನಾಲ್ಕೋ ಕುದುರೆ, ಹಿಂದಕ್ಕೆ ಮುಖಮಾಡಿದ ಮ್ಯಾಕ್ಸಿಮ್ ಮಷೀನ್‌ಗನ್. ಬಂಡಿ ತಿರುಗಿಸಿ ಗುಂಡು ಹಾರಿಸಿ, ಹಾಗೇ ಓಡಿಸಿಕೊಂಡು ಹೋಗಬಹುದಿತ್ತು.

ಬೊಲ್ಶೆವಿಕ್ಕರ ಕೆಂಪು ಸೇನೆಯ ಜೊತೆಗಿನ ನಂಟನ್ನು ‘ಸೇರಿದರು, ಆಮೇಲೆ ಬಿಟ್ಟರು’ ಎಂದು ಒಂದೇ ಸಾಲಿನಲ್ಲಿ ಮುಗಿಸಿದರೆ ಕಥೆ ತಲೆಕೆಳಗಾಗುತ್ತದೆ. ಕನಿಷ್ಠ ಆರು ಸಾಲು ಬೇಕು. 1919ರ ಫೆಬ್ರವರಿಯಲ್ಲಿ ಮಾಖ್ನೊ ಪಡೆ ಕೆಂಪು ಸೇನೆಯೊಳಗೆ ಒಂದು ಬ್ರಿಗೇಡ್ ಆಯಿತು. ಜೂನ್ 4ರಂದು ಟ್ರಾಟ್‌ಸ್ಕಿಯ 1824ನೇ ಆದೇಶ ಮಾಖ್ನೊ ಕಡೆಯವರ ನಾಲ್ಕನೇ ಪ್ರಾದೇಶಿಕ ಸಮಾವೇಶವನ್ನು ನಿಷೇಧಿಸಿತು. 1920ರ ಜನವರಿ 9ರಂದು ಮಾಖ್ನೊ ಕಾನೂನುಬಾಹಿರ ಎಂಬ ಘೋಷಣೆ. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಒಪ್ಪಂದ, ದೆನಿಕಿನ್ ನಂತರ ಬಿಳಿ ಸೇನೆ ನಡೆಸಿದ ವ್ರಾಂಗೆಲ್ ವಿರುದ್ಧ. ನವೆಂಬರ್ ಮೊದಲಲ್ಲಿ ಮಾಖ್ನೊನ ಸೇನಾಪತಿ ಕರೆತ್ನಿಕ್‌ನ ಪಡೆ ಸಿವಾಶ್ ಎಂಬ ಆಳವಿಲ್ಲದ ಹಿನ್ನೀರು ದಾಟಿ ಕ್ರಿಮಿಯಾಕ್ಕೆ ನುಗ್ಗಿತು. ನವೆಂಬರ್ 26ರಂದು ಅದೇ ಕೆಂಪು ಸೇನೆ ಮಾಖ್ನೊ ಪಡೆಗಳ ಮೇಲೆ ಬಿತ್ತು. ಪಟ್ಟಿಯ ಕೊನೇ ಸಾಲು 1921ರ ಆಗಸ್ಟ್ 28: ಮಾಖ್ನೊ ನಿಸ್ತರ್ ನದಿ ದಾಟಿ ರುಮೇನಿಯಾ ಸೇರಿದ ದಿನ.