ಯಾವ ಷೇರು ಇಟ್ಟುಕೊಳ್ಳುವುದು, ಯಾವುದನ್ನು ಮಾರುವುದು: ನನ್ನ ಅನುಭವ

ನನ್ನ ಡಿಮ್ಯಾಟ್ ಖಾತೆಯಲ್ಲಿ ಷೇರುಗಳು ಜಾಸ್ತಿಯಾಗಿದ್ದವು. ಯಾವುದನ್ನು ಮಾರಬೇಕು ಅಂತ ಗೊತ್ತಾಗುತ್ತಿರಲಿಲ್ಲ. ಕೊಂಡ ಬೆಲೆ ಕಣ್ಣೆದುರಿಗಿದ್ದರೆ ಮನಸ್ಸು ಅಲ್ಲೇ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಅದಕ್ಕೇ ಕಂಪನಿಗಳ ಹೆಸರನ್ನಷ್ಟೇ ಹಾಳೆಯಲ್ಲಿ ಬರೆದುಕೊಂಡೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಕೈಯಲ್ಲಿ ದುಡ್ಡಿದ್ದರೆ ಇವತ್ತಿನ ಬೆಲೆಗೆ ಇದನ್ನು ಕೊಳ್ಳುತ್ತೇನಾ?

ಉತ್ತರ ಸಿಕ್ಕಿದ್ದು ವಾರ್ಷಿಕ ವರದಿಯ ಕ್ಯಾಶ್ ಫ್ಲೋ ಪುಟದಲ್ಲಿ, ಅಂದರೆ ನಗದು ಎಷ್ಟು ಬಂತು, ಎಷ್ಟು ಹೋಯಿತು ಅನ್ನುವ ಲೆಕ್ಕದಲ್ಲಿ. ಒಂದು ಕಂಪನಿ ಪ್ರತಿ ವರ್ಷ ಲಾಭ ತೋರಿಸಿತ್ತು, ಆದರೆ ವ್ಯಾಪಾರದಿಂದ ಬಂದ ನಗದು ಮೈನಸ್! ಗ್ರಾಹಕರಿಂದ ಬರಬೇಕಾದ ಬಾಕಿ ಬೆಳೆಯುತ್ತಲೇ ಇತ್ತು. ಮೂರು ತಿಂಗಳಿಗೊಮ್ಮೆ ಬರುವ ಷೇರುದಾರರ ವಿವರ ತೆಗೆದು ನೋಡಿದರೆ, ಪ್ರವರ್ತಕರು (ಕಂಪನಿಯ ಹಿಡಿತ ಇಟ್ಟುಕೊಂಡಿರುವ ಮುಖ್ಯ ಮಾಲೀಕರು) ಸಾಲಕ್ಕಾಗಿ ಅಡವಿಟ್ಟ ಷೇರುಗಳೂ ಏರಿದ್ದವು. ಅದನ್ನು ಪೂರ್ತಿ ಮಾರಿದೆ. ಬ್ಯಾಂಕ್ ಷೇರುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವಸೂಲಾಗದ ಸಾಲ ಎಷ್ಟಿದೆ ಅಂತ ನೋಡಿದೆ.

ಮಾರುವ ಮುಂಚೆ ತೆರಿಗೆಯನ್ನೂ ನೋಡಬೇಕು. 2024ರ ಜುಲೈ 23ರಿಂದ ಬಂದ ದರದಂತೆ, 12 ತಿಂಗಳೊಳಗೆ ಮಾರಿದರೆ ಲಾಭದ ಮೇಲೆ 20%. ಅದು ದಾಟಿದರೆ 12.5%, ಅದೂ ಹಣಕಾಸು ವರ್ಷದಲ್ಲಿ 1.25 ಲಕ್ಷ ರೂಪಾಯಿ ಮೀರಿದ ಲಾಭಕ್ಕೆ ಮಾತ್ರ. ಹಾಗಾಗಿ ವರ್ಷ ತುಂಬಲು ಸ್ವಲ್ಪವೇ ದಿನ ಬಾಕಿಯಿದ್ದ ಒಂದು ಷೇರನ್ನು ಸುಮ್ನೆ ಇಟ್ಟುಕೊಂಡು, ಆಮೇಲೆ ಮಾರಿದೆ. ಬಂದ ಹಣವನ್ನು ಪ್ರಶ್ನೆಗೆ ಥಟ್ಟನೆ ‘ಹೌದು’ ಅನ್ನಿಸಿದ ಕಂಪನಿಗಳಿಗೇ ಹಾಕಿದೆ.