ಪಟ್ಟಿ ಸರಿಯಿದ್ದರೆ ಸಮಾರಂಭ ಸರಿ: ಹೈಸ್ಕೂಲಿನ ಪ್ರತಿಭಾ ಪುರಸ್ಕಾರ, ನನ್ನ ಅನುಭವ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬರುವುದು ಬೇಸಿಗೆ ರಜೆಯ ನಡುವೆ. 2024ರಲ್ಲಿ ಮೇ 9ಕ್ಕೆ ಬಂತು, 2025ರಲ್ಲಿ ಮೇ 2ಕ್ಕೇ ಬಂತು. ಶಾಲೆಗೆ ಬೀಗ, ಮೇಷ್ಟ್ರುಗಳೆಲ್ಲ ಊರಿಗೆ ಹೋಗಿರುತ್ತಾರೆ, ಪಟಾಕಿ ಏನಿದ್ದರೂ ವಾಟ್ಸಾಪ್ ಗುಂಪಿನಲ್ಲಿ. ಮಾರನೆಯ ದಿನವೇ ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಸಮಿತಿ) ಫೋನು ಬರುತ್ತದೆ: "ಸರ್, ಫಸ್ಟ್ ಬಂದೋರಿಗೆ ಒಂದು ಸನ್ಮಾನ ಇಟ್ಕೊಳ್ಳೋಣ, ಯಾವತ್ತು?" ಇದಕ್ಕೆ ನನ್ನ ಉತ್ತರ ಒಂದೇ. ಪರೀಕ್ಷೆ-2ರ, ಅಂದರೆ ಅದೇ ವರ್ಷದ ಎರಡನೇ ಪರೀಕ್ಷೆಯ, ಫಲಿತಾಂಶ ಬರಲಿ.

ನಮ್ಮದು ಇನ್ನೂರು ಚಿಲ್ಲರೆ ಮಕ್ಕಳ ಸರ್ಕಾರಿ ಪ್ರೌಢಶಾಲೆ, ಹತ್ತನೇ ತರಗತಿಯಲ್ಲಿ ಅರವತ್ತರ ಆಸುಪಾಸು. ಪ್ರತಿಭಾ ಪುರಸ್ಕಾರದ ಕೆಲಸ ಹಲವು ವರ್ಷ ಮಾಡಿದ ಮೇಲೆ ಇಲ್ಲಿ ಬರೆಯುತ್ತಿರುವುದು ಅಷ್ಟೂ ಓಡಾಟದ ಲೆಕ್ಕ.

ಅವಸರ ಯಾಕೆ ಬೇಡ ಅಂದರೆ, 2023-24ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಎರಡನೆಯದನ್ನು ಬರೆಯಬಹುದು, ಉತ್ತಮ ಅಂಕ ಯಾವುದೋ ಅದು ಉಳಿಯುತ್ತದೆ. ಇದರ ಜೊತೆಗೆ ಉತ್ತರ ಪತ್ರಿಕೆಯ ಸ್ಕ್ಯಾನ್ ಪ್ರತಿ ತೆಗೆಸಿ ಮರುಮೌಲ್ಯಮಾಪನಕ್ಕೆ ಹಾಕುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಅಲ್ಲಿ ಎರಡು ಅಂಕ ಏರಿದರೂ ಸಾಕು, ಮೊದಲನೆಯವರು ಎರಡನೆಯವರಾಗುತ್ತಾರೆ. ಮೇ ತಿಂಗಳಲ್ಲೇ ಹೆಸರು ಕೆತ್ತಿಸಿದ ಫಲಕ ಆಮೇಲೆ ಯಾರ ಮನೆಗೂ ಹೋಗುವುದಿಲ್ಲ. 2024ರಲ್ಲಿ ಎರಡನೇ ಫಲಿತಾಂಶ ಜುಲೈಗೆ ಹೋಯಿತು, 2025ರಲ್ಲಿ ಜೂನ್ ಮಧ್ಯಕ್ಕೇ ಬಂತು. ಅದಾಗಿ ಎರಡು ವಾರ ಬಿಟ್ಟು ದಿನ ಹಿಡಿದರೆ ಪಟ್ಟಿ ಅಲುಗಾಡುವುದಿಲ್ಲ.

ದಿನ ಭಾನುವಾರವೇ ಆಗಬೇಕು. ಮಕ್ಕಳೆಲ್ಲ ಅಷ್ಟರಲ್ಲಿ ಪಿಯು ಕಾಲೇಜು, ಡಿಪ್ಲೊಮಾ, ಐಟಿಐ ಅಂತ ಹಂಚಿಹೋಗಿರುತ್ತಾರೆ. ವಾರದ ದಿನ ಇಟ್ಟರೆ ಸನ್ಮಾನಕ್ಕೆ ಅಪ್ಪ ಬರುತ್ತಾರೆ, ಮಗ ಬರುವುದಿಲ್ಲ. ಆಗಸ್ಟ್ 15ಕ್ಕೆ ಸೇರಿಸಿಬಿಡೋಣ ಎನ್ನುವ ಸಲಹೆಯೂ ಬರುತ್ತದೆ. ಬೇಡ. ಆ ದಿನ ಅವರಿಗೆ ಅವರ ಕಾಲೇಜಿನಲ್ಲೇ ಧ್ವಜಾರೋಹಣ ಇರುತ್ತದೆ.

ಇನ್ನು ಫಲಿತಾಂಶದ ದಿನ. ಅವತ್ತು ಮೊದಲ ಫೋನು ಹೋಗಬೇಕಾದ್ದು ಅನುತ್ತೀರ್ಣರಾದವರ ಮನೆಗೆ. ಅಭಿನಂದನೆಯ ಪೋಸ್ಟರು ಸಂಜೆಗೆ ಹಾಕಿದರೂ ನಡೆಯುತ್ತದೆ. ಒಂದು ವಿಷಯ ಹೋಗಿದೆಯೋ ಮೂರು ಹೋಗಿದೆಯೋ ನೋಡಿಕೊಂಡು, ಮುಂದಿನ ಪರೀಕ್ಷೆಗೆ ನೋಂದಣಿ ಶಾಲೆಯಿಂದಲೇ ಆಗುತ್ತದೆ, ಯಾವತ್ತು ಬರಬೇಕು ಎಂದು ದಿನ ಹೇಳಿ ಮುಗಿಸುತ್ತೇವೆ. ಬುದ್ಧಿಮಾತು ಹೇಳುವುದಿಲ್ಲ. ಹುಡುಗನ ದನಿ ಸರಿಯಿಲ್ಲ ಅನ್ನಿಸಿದರೆ ಮನೆಯವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಡುತ್ತೇವೆ, ಊರಲ್ಲೇ ಇರುವ ಒಬ್ಬ ಶಿಕ್ಷಕರು ಸಂಜೆ ಮನೆಗೆ ಹೋಗಿ ಬರುತ್ತಾರೆ.

ಪಟ್ಟಿಗೆ ಬರೋಣ. ಒಟ್ಟು 625 ಅಂಕ: ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100. ಇಲ್ಲಿ ಶೇಕಡಾವಾರು ಗಡಿ ಹಾಕಿದರೆ ಜಗಳ ಖಚಿತ. ಶೇ 90 ಅಂದರೆ 562.5 ಅಂಕ. 562 ತೆಗೆದ ಹುಡುಗಿಗೆ ಶೇ 89.92. ಅವಳ ತಾಯಿ ಬಂದು "ಅರ್ಧ ಅಂಕಕ್ಕೆ ಬಿಟ್ರಾ ಮೇಷ್ಟ್ರೇ?" ಎಂದರೆ ಏನು ಹೇಳುತ್ತೀರಿ? ಹಾಗಾಗಿ ಗಡಿಯನ್ನು ಅಂಕದಲ್ಲೇ ಬರೆಯುತ್ತೇವೆ: 560 ಮತ್ತು ಮೇಲೆ ಒಂದು ಗುಂಪು, 500 ಮತ್ತು ಮೇಲೆ ಇನ್ನೊಂದು. ಇದನ್ನು ಫಲಿತಾಂಶಕ್ಕೆ ಮುಂಚೆ, ಏಪ್ರಿಲ್ ಮೊದಲ ವಾರದಲ್ಲೇ ಸಿಬ್ಬಂದಿ ಸಭೆಯ ನಡಾವಳಿಯಲ್ಲಿ ಬರೆದಿಡಬೇಕು. ಫಲಿತಾಂಶ ನೋಡಿ ಗಡಿ ಹಾಕಿದರೆ, ಯಾರಿಗೋ ಬೇಕಂತ ಹಾಕಿದ್ದಾರೆ ಎಂಬ ಮಾತು ಬರುತ್ತದೆ.

ಎಲ್ಲರೂ ಮಾಡದ ಒಂದು ಬಹುಮಾನ ನಮ್ಮಲ್ಲಿದೆ: ಪೂರ್ವಸಿದ್ಧತಾ ಪರೀಕ್ಷೆಯಿಂದ ವಾರ್ಷಿಕ ಪರೀಕ್ಷೆಗೆ ಅತಿ ಹೆಚ್ಚು ಏರಿದವರಿಗೆ. ನನ್ನ ಮಟ್ಟಿಗೆ ಇಡೀ ಕಾರ್ಯಕ್ರಮದಲ್ಲಿ ದೊಡ್ಡ ಚಪ್ಪಾಳೆ ಬೀಳಬೇಕಾದ್ದು ಇದಕ್ಕೆ. ಆದರೆ ಲೆಕ್ಕ ಹುಷಾರಾಗಿ ಮಾಡಬೇಕು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಆಂತರಿಕ ಅಂಕ ಇರುವುದಿಲ್ಲ: ಪ್ರಥಮ ಭಾಷೆ 100, ಉಳಿದವು 80ರಂತೆ ಒಟ್ಟು 500. ಅದನ್ನು 625ರ ಪಕ್ಕ ಇಟ್ಟರೆ ಎಲ್ಲರೂ ನೂರು ಏರಿದ ಹಾಗೆ ಕಾಣುತ್ತದೆ. ಅಂಕಪಟ್ಟಿಯಿಂದ ಲಿಖಿತ ಅಂಕ ಮಾತ್ರ ಬಿಡಿಸಿಕೊಂಡು 500ಕ್ಕೆ 500 ಹೋಲಿಸಬೇಕು. ಪೂರ್ವಸಿದ್ಧತಾ ಪರೀಕ್ಷೆಯ ಒಂದು ದಿನ ಗೈರಾದವರನ್ನು ಪಟ್ಟಿಯಿಂದ ತೆಗೆಯಬೇಕು, ಇಲ್ಲದಿದ್ದರೆ ಸೊನ್ನೆಯಿಂದ ಎಪ್ಪತ್ತಕ್ಕೆ ಹಾರಿದ ಸುಳ್ಳು ವೀರರು ಬಂದು ನಿಲ್ಲುತ್ತಾರೆ.

ಪರೀಕ್ಷೆ-2ರಲ್ಲಿ ಪಾಸಾದವರನ್ನೂ ವೇದಿಕೆಗೆ ಕರೆಯುತ್ತೇವೆ. ಅವರ ಪ್ರಶಸ್ತಿ ಪತ್ರದಲ್ಲಿ ಪರೀಕ್ಷೆಯ ಸಂಖ್ಯೆ ಇರುವುದಿಲ್ಲ, ನಿರೂಪಣೆಯಲ್ಲೂ ಹೇಳುವುದಿಲ್ಲ. ಹೆಸರು ಕರೆಯುವುದು ದಾಖಲಾತಿ ಸಂಖ್ಯೆಯ ಕ್ರಮದಲ್ಲಿ, ಅಂಕದ ಕ್ರಮದಲ್ಲಲ್ಲ.

ಹೆಸರಿನ ಕಾಗುಣಿತಕ್ಕೆ ಒಂದು ಸಂಜೆ ಪೂರ್ತಿ ತೆಗೆದಿಡಿ. ಇಂಗ್ಲಿಷ್ ಪಟ್ಟಿ ನೋಡಿಕೊಂಡು ಕನ್ನಡದಲ್ಲಿ ಟೈಪಿಸಿದರೆ 'ಸಹನಾ' 'ಸಹನ' ಆಗುತ್ತಾಳೆ, 'ಗಣೇಶ' 'ಗನೇಶ' ಆಗುತ್ತಾನೆ. ಅದಕ್ಕೇ ದಾಖಲಾತಿ ವಹಿಯಲ್ಲಿ ಕನ್ನಡದಲ್ಲಿ ಬರೆದ ಹೆಸರನ್ನೇ ಎತ್ತಿಕೊಳ್ಳುತ್ತೇವೆ, ಆಮೇಲೆ ಮುದ್ರಣಕ್ಕೆ ಮುಂಚೆ ಆ ಪುಟದ ಫೋಟೊ ತರಗತಿಯ ಗುಂಪಿಗೆ ಹಾಕಿ, ತಪ್ಪಿದ್ದರೆ ನಾಳೆ ಸಂಜೆಯೊಳಗೆ ಹೇಳಿ ಎಂದು ಗಡುವು ಕೊಡುತ್ತೇವೆ.

ಮುಂದಿನ ಕಂಟಕ ಬ್ಯಾನರು. 'ನುಡಿ' ತಂತ್ರಾಂಶದಲ್ಲಿ ಕನ್ನಡ ಟೈಪಿಸಿದ ಕಡತ ಅಂಗಡಿಯ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ತೆರೆಯುತ್ತದೆ. ಅಂಗಡಿಯವರಿಗೆ ಅದು ಕೆಟ್ಟಿದೆ ಎಂದಾದರೂ ಗೊತ್ತಾಗುತ್ತದೆ. ಅದಕ್ಕಿಂತ ಅಪಾಯ ಯುನಿಕೋಡ್ ಪಠ್ಯವನ್ನು ಹಳೆಯ ಡಿಸೈನ್ ಸಾಫ್ಟ್‌ವೇರ್‌ಗೆ ಅಂಟಿಸಿದಾಗ. ಒತ್ತಕ್ಷರ ಕಳಚಿಕೊಂಡು 'ಪ್‌ರತಿಭಾ ಪುರಸ್‌ಕಾರ' ಆಗುತ್ತದೆ, 'ವಿದ್ಯಾರ್ಥಿ' ಹೋಗಿ 'ವಿದ್‌ಯಾರ್‌ಥಿ' ಆಗುತ್ತದೆ. ಬೇಗ ನೋಡುವವರ ಕಣ್ಣಿಗೆ ಬೀಳದೆ ಹತ್ತಡಿ ಉದ್ದಕ್ಕೆ ಅಚ್ಚಾಗಿ ಬರುತ್ತದೆ. ಪರಿಹಾರ ಸುಲಭ. ಪಠ್ಯವನ್ನು ನಾವೇ ಜೋಡಿಸಿ ಪಿಡಿಎಫ್ ಮಾಡಿ ಕೊಡುವುದು, ಅವರಿಗೆ ಟೈಪಿಸಲು ಏನೂ ಉಳಿಸದಿರುವುದು, ಅಚ್ಚಿಗೆ ಮುಂಚೆ ಮಾದರಿಯನ್ನು ಕನ್ನಡ ಪಂಡಿತರಿಗೆ ಕಳಿಸುವುದು. ನಾವು ಪ್ಲಾಸ್ಟಿಕ್ ಫ್ಲೆಕ್ಸ್ ಬಿಟ್ಟು ಬಟ್ಟೆಯ ಬ್ಯಾನರ್ ಮಾಡಿಸಿ, ಇಸವಿಯ ಜಾಗ ಖಾಲಿ ಬಿಟ್ಟಿದ್ದೇವೆ. ಪ್ರತಿ ವರ್ಷ ಡ್ರಾಯಿಂಗ್ ಶೀಟಿನಲ್ಲಿ ಇಸವಿ ಬರೆದು ಪಿನ್ ಹಾಕಿದರೆ ಆಯಿತು.

ದತ್ತಿ ನಿಧಿಯ ವಿಷಯ ಎಳೆದಷ್ಟೂ ಉದ್ದ. ಊರಿನವರು, ನಿವೃತ್ತ ಶಿಕ್ಷಕರು ತಂದೆತಾಯಿಯ ನೆನಪಿಗೆ ಹಣ ಇಟ್ಟಿರುತ್ತಾರೆ, ಅದರ ಬಡ್ಡಿಯಲ್ಲಿ ಬಹುಮಾನ. ಹತ್ತು ಸಾವಿರಕ್ಕೆ ಶೇ 6.5ರಂತೆ ವರ್ಷಕ್ಕೆ 650 ರೂಪಾಯಿ ಸಿಗುತ್ತದೆ. ಎಂದೋ ಇಟ್ಟ ಸಾವಿರ ರೂಪಾಯಿಯ ದತ್ತಿಗೆ 65. ಅದನ್ನು ಲಕೋಟೆಯಲ್ಲಿ ಕೊಟ್ಟರೆ ದಾನಿಗೂ ಮುಜುಗರ, ಮಗುವಿಗೂ ಮುಜುಗರ. ಅಂಥ ಸಣ್ಣ ದತ್ತಿಗಳ ಬಡ್ಡಿಯನ್ನು ಮನೆಯವರ ಒಪ್ಪಿಗೆ ಪತ್ರ ಪಡೆದು ಒಟ್ಟುಗೂಡಿಸಿ ಒಂದೇ ಪುಸ್ತಕ ಬಹುಮಾನ ಮಾಡಿದ್ದೇವೆ, ಒಳಪುಟದ ಚೀಟಿಯಲ್ಲಿ ಎಲ್ಲ ದಾನಿಗಳ ಹೆಸರು ಬರುತ್ತದೆ. ಠೇವಣಿ ಇಡುವಾಗ ಬಡ್ಡಿ ವರ್ಷಕ್ಕೊಮ್ಮೆ ಉಳಿತಾಯ ಖಾತೆಗೆ ಬೀಳುವಂತೆ ಕೇಳಬೇಕು. ಬಡ್ಡಿ ಅಸಲಿಗೇ ಸೇರುತ್ತಾ ಹೋಗುವ ಠೇವಣಿಯಾದರೆ ಅವಧಿ ಮುಗಿಯುವ ತನಕ ಬಹುಮಾನಕ್ಕೆ ಕಾಸಿಲ್ಲ. ಖಾತೆ ಮುಖ್ಯ ಶಿಕ್ಷಕರ ಹುದ್ದೆಯ ಹೆಸರಿನಲ್ಲಿರಲಿ, ವ್ಯಕ್ತಿಯ ಹೆಸರಿನಲ್ಲಿ ಬೇಡ. ವರ್ಗಾವಣೆಯಾದಾಗ ಠೇವಣಿ ರಸೀದಿಗಳು ಚಾರ್ಜ್ ಲಿಸ್ಟಿನಲ್ಲಿ (ಹೊಸಬರಿಗೆ ವಹಿಸಿಕೊಡುವ ಪಟ್ಟಿ) ಒಂದೊಂದಾಗಿ ನಮೂದಾಗದಿದ್ದರೆ ಎರಡು ವರ್ಷದಲ್ಲಿ ಅವು ಎಲ್ಲಿವೆ ಎಂದು ಹೇಳುವವರೇ ಇರುವುದಿಲ್ಲ.

ದತ್ತಿಯ ಷರತ್ತುಗಳು ಹಳೆಯ ಕಾಲದವು. 'ಕನ್ನಡದಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ' ಎಂದಿರುತ್ತದೆ. ಈಗ 125ಕ್ಕೆ 125 ಒಂದೇ ತರಗತಿಯಲ್ಲಿ ಇಬ್ಬರು ಮೂವರು ತೆಗೆಯುತ್ತಾರೆ. ಸಮ ಬಂದರೆ ಒಟ್ಟು ಅಂಕ ನೋಡುವುದು, ಅದೂ ಸಮವಾದರೆ ಹಣ ಹಂಚುವುದು ಎಂದು ದತ್ತಿ ವಹಿಯ ಮೊದಲ ಪುಟದಲ್ಲೇ ಬರೆದು ದಾನಿಯ ಸಹಿ ಹಾಕಿಸಿದ್ದೇವೆ.

ನಗದು ಬಹುಮಾನವನ್ನು ಲಕೋಟೆಯಲ್ಲೇ ಕೊಡುವುದು, 501, 1001 ಹೀಗೆ. ಚೆಕ್ ಚೆನ್ನಾಗಿ ಕಾಣುತ್ತದೆ, ಆದರೆ ಬ್ಯಾಂಕ್ ಪಾಸ್‌ಬುಕ್ಕಿನ ಹೆಸರಿಗೂ ಅಂಕಪಟ್ಟಿಯ ಹೆಸರಿಗೂ ಇನಿಷಿಯಲ್ ಹೊಂದದೆ ವಾಪಸು ಬರುತ್ತದೆ. ಹೊಳೆಯುವ ಫಲಕಗಳ ಬಗ್ಗೆ ನನಗೆ ಅಷ್ಟಕ್ಕಷ್ಟೆ. ಕನ್ನಡ ಮಾಧ್ಯಮದಲ್ಲಿ ಓದಿ ಪಿಯು ವಿಜ್ಞಾನಕ್ಕೆ ಸೇರಿದ ಮಗುವಿಗೆ ಒಳ್ಳೆಯ ಇಂಗ್ಲಿಷ್-ಕನ್ನಡ ನಿಘಂಟು ಮೊದಲ ತಿಂಗಳೇ ಕೆಲಸಕ್ಕೆ ಬರುತ್ತದೆ.

ವೇದಿಕೆ ಕಾರ್ಯಕ್ರಮ ಎರಡು ಗಂಟೆ ಮೀರಬಾರದು. ನಾಡಗೀತೆಗೆ ಎರಡೂವರೆ ನಿಮಿಷ, ಅದು 2022ರ ಸರ್ಕಾರಿ ಆದೇಶದಲ್ಲೇ ಇದೆ. ಸಮಯ ನುಂಗುವುದು ಅತಿಥಿಗಳಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ. ಒಬ್ಬೊಬ್ಬರಿಗೆ ಎರಡು ನಿಮಿಷದಂತೆ ಹತ್ತು ಜನರಾದರೆ ಇಪ್ಪತ್ತು ನಿಮಿಷ, ಅಷ್ಟು ಹೊತ್ತಿನಲ್ಲಿ ಮೂವತ್ತು ಮಕ್ಕಳನ್ನು ಗೌರವಿಸಬಹುದು. ನಾವು ಅತಿಥಿಗಳಿಗೆ ಒಂದೊಂದು ಪುಸ್ತಕ ಕೊಟ್ಟು ಕೂರಿಸುತ್ತೇವೆ. ಪುರಸ್ಕಾರವನ್ನು ಭಾಷಣಗಳಿಗಿಂತ ಮುಂಚೆ ಇಡುತ್ತೇವೆ. ಭಾಷಣ ಮುಗಿಯುವ ಹೊತ್ತಿಗೆ ದೂರದ ಹಳ್ಳಿಯ ಪೋಷಕರು ಬಸ್ಸಿನ ವೇಳೆ ನೋಡಿಕೊಂಡು ಎದ್ದು ಹೋಗಿರುತ್ತಾರೆ.

ಒಬ್ಬಳೇ ಹುಡುಗಿ ಐದು ದತ್ತಿ ಗೆದ್ದರೆ ಐದು ಸಲ ಹತ್ತಿ ಇಳಿಯುವುದು ಬೇಡ, ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಅವಳ ಹೆಸರಿನ ಚೀಟಿ ಅಂಟಿಸುತ್ತೇವೆ. ಮೇಜಿನ ಮೇಲೆ ಚೀಲಗಳು ಕರೆಯುವ ಕ್ರಮದಲ್ಲಿ ಎಡದಿಂದ ಬಲಕ್ಕೆ. ಬಾರದವರ ಚೀಲವನ್ನು ಕಾರ್ಯಕ್ರಮ ಶುರುವಾಗುವ ಮುಂಚೆಯೇ ಮೇಜಿನ ಕೆಳಗಿಡಬೇಕು, ಇಲ್ಲದಿದ್ದರೆ ಒಂದು ತಪ್ಪಿದಲ್ಲಿಂದ ಮುಂದೆ ಎಲ್ಲರಿಗೂ ಪಕ್ಕದವರ ಬಹುಮಾನ. ಫೋಟೊಗೆ ವೇದಿಕೆಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗುರುತು ಹಾಕುತ್ತೇವೆ, ಒಂದು ಮಗುವಿಗೆ, ಒಂದು ಅಪ್ಪ ಅಮ್ಮನಿಗೆ. ಮುಖಕ್ಕೆ ಬೆಳಕು ಬೀಳುವ ಕಡೆ ಆ ಗುರುತಿರಬೇಕು, ಕಿಟಕಿಗೆ ಬೆನ್ನು ಹಾಕಿದರೆ ಎಲ್ಲ ಮುಖವೂ ಕಪ್ಪು.

ಊಟ ಬೇಡ, ಉಪ್ಪಿಟ್ಟು ಕೇಸರಿಬಾತ್ ಸಾಕು. 220 ಜನಕ್ಕೆ ತಲಾ 75 ಗ್ರಾಂ ಲೆಕ್ಕದಲ್ಲಿ ಕೇಸರಿಬಾತಿಗೆ ರವೆ 3 ಕೆಜಿ, ಸಕ್ಕರೆ 4.5 ಕೆಜಿ, ತುಪ್ಪ 1.2 ಕೆಜಿ, ನೀರು 9 ಲೀಟರ್. ರವೆಯನ್ನು ಅರ್ಧ ತುಪ್ಪದಲ್ಲಿ ಘಮ ಬರುವಷ್ಟು ಹುರಿದು, ಕುದಿಯುವ ನೀರು ಹಾಕಿ, ರವೆ ಪೂರ್ತಿ ಬೆಂದ ಮೇಲೆಯೇ ಸಕ್ಕರೆ ಹಾಕಬೇಕು. ಮೊದಲೇ ಸಕ್ಕರೆ ಬಿದ್ದರೆ ರವೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ, ಹಲ್ಲಿಗೆ ಕಾಳು ಕಾಳಾಗಿ ಸಿಗುತ್ತದೆ. ಬಿಸಿಯೂಟದ ಅಡುಗೆಯವರನ್ನೇ ಕರೆಯುತ್ತೇವೆ. ಭಾನುವಾರದ ಕೂಲಿ ಬೇರೆ ಕೊಡಬೇಕು, ಅಡುಗೆ ಸಾಮಾನೂ ಬೇರೆ ತರಬೇಕು. ಅಕ್ಷರ ದಾಸೋಹದ, ಅಂದರೆ ಬಿಸಿಯೂಟ ಯೋಜನೆಯ, ದಾಸ್ತಾನಿಗೆ ಕೈ ಹಾಕಿದರೆ ವಹಿ ತಾಳೆಯಾಗುವುದಿಲ್ಲ.

ತಿಂಡಿಯಾದ ಮೇಲೆ ನಲವತ್ತು ನಿಮಿಷ ಶಿಕ್ಷಕರು, ಅತಿಥಿಗಳು ಯಾರೂ ಒಳಗೆ ಹೋಗುವಂತಿಲ್ಲ. ಪಾಸಾಗಿ ಹೋದವರು ಈಗಿನ ಹತ್ತನೆಯವರ ಜೊತೆ ಎಂಟೆಂಟು ಜನರ ಗುಂಪಾಗಿ ಕೊಠಡಿಯಲ್ಲಿ ಕೂರುತ್ತಾರೆ. ಪ್ರತಿ ಗುಂಪಿಗೂ ಹಿಂದಿನ ವರ್ಷದ ಒಂದು ಗಣಿತ ಪ್ರಶ್ನೆ ಪತ್ರಿಕೆ ಕೊಡುತ್ತೇವೆ: 38 ಪ್ರಶ್ನೆ, 80 ಅಂಕ. ಯಾವುದನ್ನು ಮೊದಲು ಬರೆದೆ, ಓದಲು ಕೊಡುವ 15 ನಿಮಿಷದಲ್ಲಿ ಏನು ಮಾಡಿದೆ, ಎಲ್ಲಿ ಸಮಯ ಹೋಯಿತು ಎಂಬುದನ್ನು ಪತ್ರಿಕೆಯ ಮೇಲೇ ಗುರುತು ಹಾಕಿ ತೋರಿಸಬೇಕು. "ಕಷ್ಟಪಟ್ಟು ಓದ್ರಿ" ಎಂಬ ಮಾತು ಪತ್ರಿಕೆ ಕೈಯಲ್ಲಿದ್ದಾಗ ಬರುವುದಿಲ್ಲ, "ನಾಲ್ಕು ಅಂಕದ ಗ್ರಾಫು ಬಿಡಬೇಡ, ಸ್ಕೇಲ್ ಬರಿಯೋದು ಮರೀಬೇಡ" ಎಂಬ ಮಾತು ಬರುತ್ತದೆ. ಗುಂಪಿಗೆ ಕಳಿಸುವಾಗ ಬರೀ ಮೊದಲ ಮೂವರನ್ನು ಆರಿಸಬೇಡಿ. ಪೂರ್ವಸಿದ್ಧತೆಯಲ್ಲಿ ಬಿದ್ದು ಆಮೇಲೆ ಎದ್ದವರು ಹೇಳುವುದು ಹೆಚ್ಚು ಜನರ ಕಿವಿಗೆ ಹೋಗುತ್ತದೆ.

ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಮೇಲಿನ ಫಲಕಕ್ಕೆ ಆ ವರ್ಷದ ಹೆಸರು ಬರೆಸುವುದು ಕೊನೆಯ ಪರೀಕ್ಷೆಯ ಫಲಿತಾಂಶವೂ ಬಂದ ಮೇಲೆ. ಖರ್ಚಿನ ವೋಚರುಗಳು ಮುಂದಿನ ಎಸ್‌ಡಿಎಂಸಿ ಸಭೆಗೆ. ಉಳಿದ ಚೀಲಗಳನ್ನು ಅಂಕಪಟ್ಟಿ ಇರುವ ಬೀರುವಿನಲ್ಲೇ ಇಡುತ್ತೇವೆ. ಸಮಾರಂಭಕ್ಕೆ ಬಾರದವರು ಮೂಲ ಅಂಕಪಟ್ಟಿಗೆ ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ, ಎರಡಕ್ಕೂ ಒಟ್ಟಿಗೇ ಸಹಿ ಮಾಡಿಸಿಕೊಂಡು ಕೊಟ್ಟು ಕಳಿಸುತ್ತೇವೆ.