ಕೆಲಸ, ಸಂಸಾರದ ನಡುವೆ ಮತ್ತೆ ವಿಶ್ವವಿದ್ಯಾಲಯ: ಬೆಂಗಳೂರಿನಲ್ಲಿ ಅಂತರ್‌ಶಿಸ್ತೀಯ ಓದಿಗೆ ಇಳಿಯುವವರಿಗೆ

ಕೋರ್ಸಿನ ಹೆಸರು ಹುಡುಕುವ ಮೊದಲು ಒಂದು ಹಾಳೆಯ ಮೇಲೆ ಒಂದೇ ಒಂದು ಪ್ರಶ್ನೆ ಬರೆಯಿರಿ. ‘ಪರಿಸರ’, ‘ಅಭಿವೃದ್ಧಿ’ ಎಂಬಂಥ ದೊಡ್ಡ ಹೆಸರು ಬೇಡ, ಉತ್ತರ ಬೇಡುವ ಪೂರ್ತಿ ವಾಕ್ಯ ಬೇಕು. ಉದಾಹರಣೆಗೆ, ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ತುಂಬಿಸುವುದರಿಂದ ಅಲ್ಲಿನ ರೈತರಿಗೆ ಆಗುವುದು ಲಾಭವೋ ನಷ್ಟವೋ? 2018ರಲ್ಲಿ ನೀರು ಹರಿಸತೊಡಗಿದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಬಗೆಗಿನ ಪ್ರಶ್ನೆ ಇದು. ನೀರಿನಲ್ಲಿ ಏನೇನು ಉಳಿದಿದೆ ಎನ್ನುವುದನ್ನು ರಸಾಯನಶಾಸ್ತ್ರ ಹೇಳಬೇಕು. ಕೊಳವೆಬಾವಿಗಳಲ್ಲಿ ನೀರು ಏರಿದೆಯೇ ಎನ್ನುವುದು ಭೂವಿಜ್ಞಾನದ ಪಾಲು, ಬೆಳೆ ಬದಲಾದಾಗ ಕೈಗೆ ಬಂದ ದುಡ್ಡೆಷ್ಟು ಎನ್ನುವುದು ಅರ್ಥಶಾಸ್ತ್ರದ್ದು. ತೂಬು ತೆಗೆದು ಮುಚ್ಚುತ್ತಿದ್ದ ನೀರುಗಂಟಿಯ ಪದ್ಧತಿ ಹೇಗೆ ಅಳಿಯಿತು ಎಂದರೆ ಇತಿಹಾಸಕ್ಕೆ ಹೋಗಬೇಕು. ಕೆರೆಯ ಮೇಲೆ ಹಕ್ಕು ಯಾರದು ಎಂದರೆ ಕಾನೂನಿಗೆ.

ಈಗ ಪ್ರತಿ ಶಿಸ್ತಿನ, ಅಂದರೆ ಜ್ಞಾನಶಾಖೆಯ, ಮುಂದೆ ನಿಮಗೆ ಗೊತ್ತಿರುವುದನ್ನು, ಗೊತ್ತಿಲ್ಲದಿರುವುದನ್ನು ಎರಡೆರಡು ಸಾಲು ಬರೆಯಿರಿ. ಯಾವುದಿಲ್ಲದೆ ಪ್ರಶ್ನೆ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲವೋ, ಯಾವುದು ನಿಮಗೆ ಏನೇನೂ ಗೊತ್ತಿಲ್ಲವೋ, ಅದನ್ನು ಓದಲು ಹೋಗಿ. ಮೊದಲ ಡಿಗ್ರಿ ಬಿಕಾಂ ಆಗಿದ್ದರೆ ಅದನ್ನು ಮರೆಯಬೇಕಾಗಿಲ್ಲ, ಅದು ನಿಮ್ಮ ನೆಲೆ. ಅಂತರ್‌ಶಿಸ್ತೀಯ ಎಂದರೆ ಎಲ್ಲದರಲ್ಲೂ ಚೂರುಚೂರು ಎಂದುಕೊಂಡವರು ಕೊನೆಗೆ ಯಾವುದರಲ್ಲೂ ನಿಲ್ಲುವುದಿಲ್ಲ. ಒಂದು ಶಿಸ್ತಿನ ವಿಧಾನವಾದರೂ ಗಟ್ಟಿಯಾಗಿ ಕೈಯಲ್ಲಿರಬೇಕು, ಎರಡನೆಯದರ ಭಾಷೆ ಅರ್ಥವಾಗಬೇಕು. ಅಷ್ಟಾದರೆ ಮೂರನೆಯದರ ತಜ್ಞರ ಹತ್ತಿರ ಹೋಗಿ ಸರಿಯಾದ ಪ್ರಶ್ನೆ ಕೇಳಬಹುದು.

ಫೀಸು ಕಟ್ಟುವ ಮುಂಚೆ

ಒಂದು ಪೇಪರ್ ಓದಿ ನೋಡಿ. ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕೆಯ ಸ್ವಯಂ ಪೋರ್ಟಲ್‌ನಲ್ಲಿ ಎನ್‌ಪಿಟಿಇಎಲ್ ಎಂಬ ಐಐಟಿಗಳ ಕೋರ್ಸುಗಳಿಗೆ ಸೇರುವುದು ಉಚಿತ, ಪರೀಕ್ಷೆ ಬರೆಯುವವರು ಮಾತ್ರ ಶುಲ್ಕ ಕಟ್ಟುತ್ತಾರೆ. ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. 12 ವಾರದ ಕೋರ್ಸಿನಲ್ಲಿ ವಾರಕ್ಕೊಂದು ಅಸೈನ್‌ಮೆಂಟ್ ಇರುತ್ತದೆ, ಅತಿ ಹೆಚ್ಚು ಅಂಕ ಬಂದ 8 ಮಾತ್ರ ಲೆಕ್ಕಕ್ಕೆ ಬರುತ್ತವೆ. ಅದಕ್ಕೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು ಅಸೈನ್‌ಮೆಂಟಿನಲ್ಲಿ 10, ಪರೀಕ್ಷೆಯಲ್ಲಿ 30 ಬರಲೇಬೇಕು, ಒಂದರ ಕೊರತೆಯನ್ನು ಇನ್ನೊಂದು ತುಂಬುವುದಿಲ್ಲ. ನಿಮಗೆ ಗೊತ್ತಿಲ್ಲದ ಶಿಸ್ತಿನದೇ ಆಯ್ದುಕೊಳ್ಳಿ. ನಾಲ್ಕನೇ ವಾರಕ್ಕೆ ಬಿಟ್ಟುಬಿಟ್ಟರೆ ವಿಷಯ ಬೇಡವಾಯಿತೋ, ಹೊತ್ತು ಸಿಗಲಿಲ್ಲವೋ ಎಂದು ಪ್ರಾಮಾಣಿಕವಾಗಿ ಬರೆದಿಡಿ. ಎರಡಕ್ಕೂ ಮದ್ದು ಬೇರೆ ಬೇರೆ.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ, ಅಂದರೆ ಇಗ್ನೋದ, ಪಠ್ಯಗಳನ್ನು ಇಜ್ಞಾನಕೋಶ್ ಜಾಲತಾಣದಲ್ಲಿ ಪುಕ್ಕಟೆ ಇಳಿಸಿಕೊಳ್ಳಬಹುದು. ಸೇರಬೇಕೆಂದಿರುವ ಎಂ.ಎ.ಯ ಒಂದು ಘಟಕ ಪೂರ್ತಿ ಓದಿ, ಕೊನೆಯಲ್ಲಿರುವ ಪ್ರಶ್ನೆಗಳಿಗೆ ಪುಸ್ತಕ ಮುಚ್ಚಿ ಉತ್ತರ ಬರೆಯಿರಿ. ಕೈಪಿಡಿಯ ಮುಖಪುಟ ನೋಡಿ ಕೋರ್ಸ್ ಆರಿಸುವುದಕ್ಕಿಂತ ಇದು ಎಷ್ಟೋ ಮೇಲು.

ಯಾವ ಬಾಗಿಲು

ದೂರಶಿಕ್ಷಣದಲ್ಲಿ ಬೆಂಗಳೂರಿನವರಿಗೆ ಎರಡು ಮುಖ್ಯ ಸರ್ಕಾರಿ ದಾರಿಗಳಿವೆ. 1985ರಲ್ಲಿ ಶುರುವಾದ ಇಗ್ನೋದಲ್ಲಿ ಗ್ರಾಮೀಣಾಭಿವೃದ್ಧಿ, ಮಹಿಳಾ ಮತ್ತು ಲಿಂಗತ್ವ ಅಧ್ಯಯನ, ಗಾಂಧಿ ಮತ್ತು ಶಾಂತಿ ಅಧ್ಯಯನದಂಥ ಎಂ.ಎ.ಗಳಿಗೆ ಯಾವ ಡಿಗ್ರಿ ಆಗಿದ್ದರೂ ನಡೆಯುತ್ತದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ, ಅಂದರೆ ಕರಾಮುವಿ, 1996ರದು. ಸಮಾಜ ವಿಜ್ಞಾನದ ವಿಷಯಗಳನ್ನು ಕನ್ನಡದಲ್ಲೇ ಓದಿ ಬರೆಯಬೇಕೆನ್ನುವವರಿಗೆ ಅದೇ ಸರಿ.

ತರಗತಿಗೆ ಹೋಗಿ ಕೂರಲು ಆಗುವುದಾದರೆ ಜ್ಞಾನಭಾರತಿಯ ಬೆಂಗಳೂರು ವಿಶ್ವವಿದ್ಯಾಲಯ, ಸೆಂಟ್ರಲ್ ಕಾಲೇಜು ಆವರಣದ ನಗರ ವಿಶ್ವವಿದ್ಯಾಲಯ, ಸರ್ಜಾಪುರ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ಇವೆ. ಎಂ.ಎ. ತರಗತಿಗಳು ಹಗಲು ಹೊತ್ತಿನವು. ರಜೆ ಹಾಕದೆ ನಿಭಾಯಿಸುತ್ತೇನೆ ಎಂದು ಹೊರಡಬೇಡಿ, ಹಾಜರಾತಿಯೇ ಮೊದಲು ಕೈಕೊಡುತ್ತದೆ. ಮುಖ್ಯವಾಗಿ ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶಕ್ಕಿರುವ ಸಿಯುಇಟಿ-ಪಿಜಿ ಪರೀಕ್ಷೆಗೆ ವಯೋಮಿತಿ ಇಲ್ಲ.

ಸಂಶೋಧನೆಯೇ ಗುರಿಯಾದರೆ ಈ ಊರಿಗೆ ಸಾಟಿ ಕಡಿಮೆ. ಜೆ.ಆರ್.ಡಿ. ಟಾಟಾ ಅವರ ಆಸಕ್ತಿಯಿಂದ 1988ರಲ್ಲಿ ಹುಟ್ಟಿದ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ) ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದೆ, ವಿಜ್ಞಾನಿಗಳನ್ನೂ ಮಾನವಿಕದವರನ್ನೂ ಒಂದೇ ಸೂರಿನಡಿ ಕೂರಿಸುವುದೇ ಅದರ ಉದ್ದೇಶ. ನಾಗರಭಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆ) ಅನ್ನು 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದರು. ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2022ರ ನಿಯಮದಂತೆ ಪಿಎಚ್‌.ಡಿ.ಗೆ ಸ್ನಾತಕೋತ್ತರ ಮುಗಿಸಿ ಬರುವವರಿಗೆ ಅದರಲ್ಲಿ ಶೇ 55 ಬೇಕು (ಮೀಸಲಾತಿಯವರಿಗೆ ಶೇ 5 ಸಡಿಲಿಕೆ), ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಅರೆಕಾಲಿಕವಾಗಿ ಮಾಡಲು ಅವಕಾಶವಿದೆ, ಆದರೆ ಓದಲು ಸಮಯ ಕೊಡುತ್ತೇವೆ ಎಂದು ಕೆಲಸ ಕೊಟ್ಟವರು ನಿರಾಕ್ಷೇಪಣಾ ಪತ್ರದಲ್ಲಿ ಬರೆದುಕೊಡಬೇಕು. ಮ್ಯಾನೇಜರ್ ಬಾಯಿಮಾತಿನ ‘ಮಾಡ್ಕೊಳ್ರೀ’ ಅಲ್ಲಿ ನಡೆಯದು. ಸರ್ಕಾರಿ ನೌಕರರು ಯಾವ ಕೋರ್ಸಿಗಾದರೂ ಇಲಾಖೆಯ ಅನುಮತಿ ಮೊದಲೇ ಪಡೆದಿರಲಿ.

ಡಿಗ್ರಿ ನಡುವೆ ಬಿಟ್ಟವರಿಗೊಂದು ಮಾತು. ಎರಡೋ ಮೂರೋ ಪೇಪರ್ ಮಾತ್ರ ಬಾಕಿ ಇದ್ದರೆ ಹೊಸದಾಗಿ ಸೇರಬೇಡಿ. ಹಳೆಯ ಪಠ್ಯಕ್ರಮದವರಿಗೆ ವಿಶ್ವವಿದ್ಯಾಲಯಗಳು ಆಗೀಗ ಒಂದು ಬಾರಿಯ ಅವಕಾಶ ಕೊಡುತ್ತವೆ, ಪರೀಕ್ಷಾ ವಿಭಾಗದಲ್ಲಿ ಮೊದಲು ವಿಚಾರಿಸಿ. ಹೊಸದಾಗಿಯೇ ಆಗಬೇಕಾದರೆ, ರಾಜ್ಯ ಸರ್ಕಾರ 2024-25ರಿಂದ ನಾಲ್ಕು ವರ್ಷದ ಪದ್ಧತಿ ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿದೆ ಎಂಬುದು ನೆನಪಿರಲಿ.

ಲೈಟು ಕಂಬಕ್ಕೆ ಅಂಟಿಸಿದ ‘ಒಂದೇ ವರ್ಷದಲ್ಲಿ ಡಿಗ್ರಿ’ ಚೀಟಿಯ ನಂಬರಿಗೆ ಫೋನ್ ಮಾಡಬೇಡಿ.

ಕಾಗದಪತ್ರ: ನಿಜವಾದ ತಲೆನೋವು

ದೂರಶಿಕ್ಷಣದ ಕೋರ್ಸಿಗೆ ಯುಜಿಸಿಯ ದೂರಶಿಕ್ಷಣ ಬ್ಯೂರೋ ಮಾನ್ಯತೆ ಕೊಟ್ಟಿದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿ. ವಿಶ್ವವಿದ್ಯಾಲಯದ ಹೆಸರು ಕಂಡರೆ ಸಾಲದು, ನಿಮ್ಮ ಕೋರ್ಸು, ನೀವು ಸೇರುವ ವರ್ಷ ಎರಡೂ ಪಟ್ಟಿಯಲ್ಲಿರಬೇಕು. ಕರಾಮುವಿಗೇ 2013-14ರಿಂದ ಮಾನ್ಯತೆ ಇಲ್ಲದೆ ಹೋಗಿ 2018-19ರಲ್ಲಿ ಮರಳಿ ಸಿಕ್ಕಿತು, ನಡುವೆ ಸೇರಿದವರು ಪಟ್ಟ ಪಾಡು ಕಡಿಮೆಯಲ್ಲ. ಕೆಲವು ವಿಷಯಗಳು ಈ ದಾರಿಯಲ್ಲಿ ಸಿಗುವುದೇ ಇಲ್ಲ. ಎಂಜಿನಿಯರಿಂಗ್, ಕಾನೂನು, ವೈದ್ಯಕೀಯ ಮೊದಲೇ ಹೊರಗಿವೆ. ಮನಃಶಾಸ್ತ್ರ, ಆಹಾರ ಮತ್ತು ಪೋಷಣೆಯಂಥವನ್ನು 2025ರ ಜುಲೈ–ಆಗಸ್ಟ್ ಪ್ರವೇಶದಿಂದ ನಿಲ್ಲಿಸಲಾಗಿದೆ. ಆಪ್ತಸಮಾಲೋಚಕರಾಗಬೇಕೆಂದು ಮರಳುವವರು ಬಹಳ ಮಂದಿ, ಅವರು ತರಗತಿ ಇರುವ ಕಾಲೇಜನ್ನೇ ನೋಡಬೇಕು.

ದೂರಶಿಕ್ಷಣದ ಪ್ರವೇಶಕ್ಕೆ ಡಿಇಬಿ ಐಡಿ (ಆ ಬ್ಯೂರೋದ ಗುರುತು ಸಂಖ್ಯೆ) ಬೇಕು, ಅದಕ್ಕೆ ಎಬಿಸಿ ಐಡಿ (ಗಳಿಸಿದ ಕ್ರೆಡಿಟ್‌ಗಳನ್ನು ಕೂಡಿಡುವ ಖಾತೆಯ ಸಂಖ್ಯೆ), ಅದಕ್ಕೆ ಡಿಜಿಲಾಕರ್, ಅದಕ್ಕೆ ಆಧಾರ್. ಈ ಸರಪಳಿ ಕಡಿಯುವುದು ಹೆಸರಿನಲ್ಲಿ. ನಮ್ಮ ಕಡೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುಳಾ ಕೆ.ಆರ್.’ ಎಂದಿರುತ್ತದೆ, ಆಧಾರಿನಲ್ಲಿ ಗಂಡನ ಹೆಸರು ಸೇರಿರುತ್ತದೆ, ಡಿಗ್ರಿ ಪ್ರಮಾಣಪತ್ರದಲ್ಲಿ ಇನಿಷಿಯಲ್ ಮುಂದಕ್ಕೆ ಬಂದಿರುತ್ತದೆ. ಎಲ್ಲಕ್ಕೂ ಎಸ್ಸೆಸ್ಸೆಲ್ಸಿಯನ್ನೇ ಬುಡವಾಗಿಟ್ಟು ಆಧಾರನ್ನು ಅದಕ್ಕೆ ಹೊಂದಿಸುವುದು ಸುಲಭ. ಆದರೆ ಆಧಾರಿನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಅಕ್ಷರ ಅಕ್ಷರ ಕೂಡಿಸಿ ನೋಡಿಯೇ ಅರ್ಜಿ ಹಾಕಿ. ಪ್ಯಾನ್, ಬ್ಯಾಂಕು, ಪಾಸ್‌ಪೋರ್ಟಿನಲ್ಲಿ ಈಗಿನ ಹೆಸರೇ ಉಳಿಯಬೇಕೆಂದರೆ ಆಧಾರ್ ಮುಟ್ಟಬೇಡಿ. ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್, ಜೊತೆಗೆ ಮದುವೆ ನೋಂದಣಿ ಪತ್ರ ನಡೆಯುತ್ತದೆಯೇ ಎಂದು ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿ. ಪ್ರವೇಶ ಮುಗಿಯಲು ಎರಡು ತಿಂಗಳಾದರೂ ಇರುವಾಗ ಇದಕ್ಕೆ ಕೈಹಾಕಿ.

ಅಂಕಪಟ್ಟಿ ಕಳೆದುಹೋಗಿದ್ದರೆ ಪೊಲೀಸರ ಇ-ಲಾಸ್ಟ್ ವ್ಯವಸ್ಥೆಯಲ್ಲಿ ದೂರು ದಾಖಲಿಸಿ ಪ್ರತಿ ಇಳಿಸಿಕೊಳ್ಳಿ, ನಕಲು ಪ್ರತಿಯ ಅರ್ಜಿಗೆ ಅದನ್ನು ಲಗತ್ತಿಸಿ. ವಿಶ್ವವಿದ್ಯಾಲಯ ಆಮೇಲೆ ಹೋಳಾಗಿದ್ದರೂ ನಿಮ್ಮ ದಾಖಲೆ ಇರುವುದು ಆಗ ಪರೀಕ್ಷೆ ನಡೆಸಿದ ಕಡೆ. 1998ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಪರೀಕ್ಷೆ ಬರೆದವರು, ಕಾಲೇಜು ಇಂದು ಯಾರ ಅಧೀನದಲ್ಲಿದ್ದರೂ, ಜ್ಞಾನಭಾರತಿಗೇ ಹೋಗಬೇಕು.

ಗಂಟೆಗಳ ಲೆಕ್ಕ

ಇಗ್ನೋದಲ್ಲಿ ಒಂದು ಕ್ರೆಡಿಟ್ ಎಂದರೆ 30 ಗಂಟೆಯ ಓದು. ವರ್ಷಕ್ಕೆ 32 ಕ್ರೆಡಿಟ್ ಎಂದಿಟ್ಟುಕೊಂಡರೆ 960 ಗಂಟೆ, ವಾರಕ್ಕೆ ಸುಮಾರು ಹದಿನೆಂಟೂವರೆ. ಸೋಮವಾರದಿಂದ ಶುಕ್ರವಾರದವರೆಗೆ ದಿನಾ ಬೆಳಿಗ್ಗೆ ಒಂದೂವರೆ ಗಂಟೆ, ಶನಿವಾರ ಭಾನುವಾರ ಐದೈದು ಗಂಟೆ ಕೂತರೂ ಹದಿನೇಳೂವರೆಯೇ. ಹಬ್ಬ, ಮದುವೆ, ಮಕ್ಕಳ ಜ್ವರ ಇದರಲ್ಲಿ ಸೇರಿಲ್ಲ. ಎರಡು ವರ್ಷದ ಎಂ.ಎ.ಗೆ ನಾಲ್ಕು ವರ್ಷದವರೆಗೆ ಅವಕಾಶ ಇರುವುದರಿಂದ ಮೂರಕ್ಕೆ ಯೋಜನೆ ಹಾಕಿಕೊಳ್ಳುವುದು ಜಾಣತನ. ಜೂನ್‌ನಲ್ಲಿ ಎರಡು ಪೇಪರ್, ಡಿಸೆಂಬರ್‌ನಲ್ಲಿ ಎರಡು ಎಂದು ಹಂಚಿಕೊಳ್ಳಿ.

ಪ್ರಯಾಣದ ಹೊತ್ತನ್ನು ನಂಬಿ ಲೆಕ್ಕ ಹಾಕಬೇಡಿ. ಚಲ್ಲಘಟ್ಟದಲ್ಲೋ ವೈಟ್‌ಫೀಲ್ಡಿನಲ್ಲೋ ನೇರಳೆ ಮಾರ್ಗ ಹತ್ತಿ ಸೀಟು ಹಿಡಿದವರು ಹತ್ತು ಪುಟ ಓದಿಯಾರು, ಮೆಜೆಸ್ಟಿಕ್‌ನಲ್ಲಿ ಹತ್ತಿದವರಿಗೆ ನಿಲ್ಲಲು ಜಾಗ ಸಿಕ್ಕರೆ ಹೆಚ್ಚು. ರಿಂಗ್ ರೋಡಿನ ಬಸ್ಸಿನಲ್ಲಿ ಓದಿದರೆ ತಲೆ ಸುತ್ತುವುದಷ್ಟೇ ಲಾಭ. ಪ್ರಯಾಣಕ್ಕೆ ಕೇಳುವ ಪಾಠ ಇರಲಿ. ಮನೆಯಲ್ಲಿ ಜಾಗವಿಲ್ಲದವರಿಗೆ ಕಬ್ಬನ್ ಪಾರ್ಕಿನ ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯವಿದೆ.

ಜನ ಸೋಲುವುದು ಓದಿನಲ್ಲಲ್ಲ, ತಾರೀಖುಗಳಲ್ಲಿ. ಇಗ್ನೋದಲ್ಲಿ ಎರಡನೇ ವರ್ಷಕ್ಕೆ ಮರುನೋಂದಣಿ, ಅಸೈನ್‌ಮೆಂಟ್ ಸಲ್ಲಿಕೆ, ಪರೀಕ್ಷಾ ಅರ್ಜಿ ಮೂರೂ ಬೇರೆ ಬೇರೆ ಕೆಲಸ. ಒಂದನ್ನು ಮಾಡಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಅಸೈನ್‌ಮೆಂಟ್ ಪ್ರಶ್ನೆಗಳು ಅವಧಿಯಿಂದ ಅವಧಿಗೆ ಬದಲಾಗುತ್ತವೆ, ಗೆಳೆಯರು ಕೊಟ್ಟ ಹಳೆಯ ಪ್ರಶ್ನೆಗೆ ಬರೆದ ಉತ್ತರ ವ್ಯರ್ಥ. ಅಂಕದಲ್ಲಿ ಅದರ ಪಾಲು ಶೇ 30, ಎಂ.ಎ.ಯಲ್ಲಿ ಅಸೈನ್‌ಮೆಂಟಿಗೂ ಪರೀಕ್ಷೆಗೂ ಪ್ರತ್ಯೇಕವಾಗಿ ಶೇ 40 ಬೇಕು. ಸಲ್ಲಿಸಿದ ರಸೀದಿಯ ಫೋಟೋ ಫಲಿತಾಂಶ ಬರುವವರೆಗೂ ಇಟ್ಟುಕೊಳ್ಳಿ.

ಬರವಣಿಗೆ

ಇಪ್ಪತ್ತು ವರ್ಷ ಕೆಲಸ ಮಾಡಿದವರ ಕೈಯಲ್ಲಿ ಅನುಭವ ಬೇಕಾದಷ್ಟಿರುತ್ತದೆ, ಅಂಕ ಹೋಗುವುದೂ ಅದರಿಂದಲೇ. ‘ಸಾಲಮನ್ನಾ ಆದರೆ ಜನ ಮತ್ತೆ ಸಾಲ ತೀರಿಸುವುದಿಲ್ಲ, ಬ್ಯಾಂಕಿನಲ್ಲಿದ್ದವರಿಗೆ ಗೊತ್ತು’ ಎಂದು ಬರೆದರೆ ಅದು ಉತ್ತರವಲ್ಲ. ಮನ್ನಾ ಆಗದ ತಾಲ್ಲೂಕಿನಲ್ಲಿ ಏನಾಯಿತು ಎಂದು ಅರ್ಥಶಾಸ್ತ್ರ ಕೇಳುತ್ತದೆ. ಆ ದಾಖಲೆ ಬರೆದವರು ಯಾರು, ಯಾರ ಸಲುವಾಗಿ ಎನ್ನುತ್ತದೆ ಇತಿಹಾಸ. ಸಾಲಗಾರರು ತಾವೇ ಏನು ಹೇಳಿದರು ಎನ್ನುವುದು ಮಾನವಶಾಸ್ತ್ರದ ಕಾಳಜಿ. ಅನುಭವವನ್ನು ಪರೀಕ್ಷಿಸಬೇಕಾದ ಊಹೆಯಾಗಿ ಮುಂದಿಡಿ, ತೀರ್ಪಾಗಿ ಅಲ್ಲ.

ಓದಿದ ಪ್ರತಿ ಲೇಖನಕ್ಕೂ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಇರಲಿ: ಹೇಳುತ್ತಿರುವುದೇನು, ಆಧಾರವೇನು, ಆ ಆಧಾರ ಹೇಗೆ ಸಿಕ್ಕಿತು, ಇದು ಹೇಳಲಾರದ್ದು ಏನು. ನಾಲ್ಕನೆಯದು ಮುಖ್ಯ. ಒಂದು ಶಿಸ್ತು ಹೇಳಲಾರದ ಕಡೆಯೇ ಇನ್ನೊಂದು ಬಂದು ಕೂರಬೇಕು. ಪ್ರಾಜೆಕ್ಟ್ ವರದಿಗಳು ಬೀಳುವುದು ಇಲ್ಲೇ. ಮೊದಲ ಅಧ್ಯಾಯ ಕಾನೂನು, ಎರಡನೆಯದು ಅರ್ಥಶಾಸ್ತ್ರ, ಮೂರನೆಯದು ಸಮಾಜ ಎಂದು ಬರೆದಿರುತ್ತಾರೆ, ಒಂದರ ಮಾತು ಇನ್ನೊಂದರ ಕಿವಿಗೆ ಬಿದ್ದಿರುವುದಿಲ್ಲ. ಅಧ್ಯಾಯಗಳನ್ನು ಶಿಸ್ತಿನ ಹೆಸರಿನಲ್ಲಿ ಕಟ್ಟದೆ ಉಪಪ್ರಶ್ನೆಗಳ ಮೇಲೆ ಕಟ್ಟಿ.

ಕೈಬರಹ ಮರೆತಿರುತ್ತದೆ ಎಂಬುದು ಬಹಳ ಮಂದಿಗೆ ಪರೀಕ್ಷಾ ಕೊಠಡಿಯಲ್ಲೇ ಗೊತ್ತಾಗುವುದು. ಮೂರು ಗಂಟೆಯಲ್ಲಿ ಐದು ದೀರ್ಘ ಉತ್ತರ ಎಂದರೆ, ಪ್ರಶ್ನೆ ಓದಲು ಹತ್ತು ನಿಮಿಷ, ಕೊನೆಗೆ ತಿರುವಿ ನೋಡಲು ಹತ್ತು ನಿಮಿಷ ಕಳೆದು ಒಂದೊಂದಕ್ಕೆ 32 ನಿಮಿಷ. ಪರೀಕ್ಷೆಗೆ ಎಂಟು ವಾರ ಇರುವಾಗ ದಿನಾ 15 ನಿಮಿಷ ಬರೆಯಲು ಶುರುಮಾಡಿ, ನಾಲ್ಕನೇ ವಾರಕ್ಕೆ 32 ನಿಮಿಷದ ಒಂದು ಪೂರ್ತಿ ಉತ್ತರ, ಕೊನೆಯ ಎರಡು ಭಾನುವಾರ ಮೂರು ಗಂಟೆ ಸತತ. ಪರೀಕ್ಷೆಗೆ ಒಯ್ಯುವ ಪೆನ್ನಿನಲ್ಲೇ ಬರೆಯಿರಿ.